ಎಲ್ಲಿವರೆಗೆ ಓಕೆ, ಎಲ್ಲಿಂದ ರಿಜೆಕ್ಟ್: ಹೆಬ್ಬಾಳದ ಒಂದು ಲಿಮಿಟ್ ಸ್ಯಾಂಪಲ್ ಸೇವೆ

ಸಿಓಟು ವೆಲ್ಡಿಂಗ್ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಕಾವಲಲ್ಲಿ ವೈರು ಕರಗಿಸುವ ಬೆಸುಗೆ) ನಡೆಯುವ ಶೆಡ್‌ಗಳಲ್ಲಿ ಜಗಳ ಒಂದೇ. ವೆಲ್ಡರ್ "ಇದು ಓಕೆ ಸರ್" ಅನ್ನುತ್ತಾನೆ. ಇನ್‌ಸ್ಪೆಕ್ಟರ್ "ಅಂಡರ್‌ಕಟ್ ಇದೆಯಲ್ಲಪ್ಪ, ಪಕ್ಕಕ್ಕಿಡು" ಅನ್ನುತ್ತಾರೆ, ಅಂದರೆ ಬೆಸುಗೆಯ ಅಂಚಿನಲ್ಲಿ ಪ್ಲೇಟು ಕರಗಿ ಕಾಲುವೆ ಬಿದ್ದಿದೆ ಅಂತ. ರಾತ್ರಿ ಶಿಫ್ಟಿನವರು ಅಂಥದ್ದೇ ಪೀಸನ್ನು ಪಾಸ್ ಮಾಡಿ ಪೇಂಟಿಗೆ ಕಳಿಸಿರುತ್ತಾರೆ. ಡ್ರಾಯಿಂಗಿನಲ್ಲಿ ಇರುವುದು "6 ಮಿ.ಮೀ. ಫಿಲೆಟ್, ಐಎಸ್‌ಒ 5817, ಸಿ ದರ್ಜೆ" ಅನ್ನುವ ಒಂದು ಸಾಲು. ಫಿಲೆಟ್ ಅಂದರೆ ಎರಡು ಪ್ಲೇಟು ಸೇರುವ ಮೂಲೆಯಲ್ಲಿ ಹಾಕುವ ಬೆಸುಗೆ; ಐಎಸ್‌ಒ 5817 ಬೆಸುಗೆಯ ದೋಷಗಳಿಗೆ ಮಿತಿ ಹೇಳುವ ಮಾನದಂಡ, ಸಿ ಅದರ ನಡುವಿನ ದರ್ಜೆ. ಆ ಸಾಲನ್ನು ಕೈಯಲ್ಲಿ ಹಿಡಿದು ನೋಡುವ ತುಂಡುಗಳನ್ನಾಗಿ, ಅಂದರೆ ಒಪ್ಪುವ ಮಿತಿ ತೋರಿಸುವ ಲಿಮಿಟ್ ಸ್ಯಾಂಪಲ್‌ಗಳನ್ನಾಗಿ, ಮಾಡಿಕೊಡುವ ಲ್ಯಾಬ್ ಒಂದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿದೆ. ಕಬ್ಬಿನ ಟ್ರೇಲರ್ ಬ್ರಾಕೆಟ್‌ನಂಥ 6 ಮಿ.ಮೀ. ಪ್ಲೇಟಿನ ಜಾಬಿಗೆ ಅವರು ಕೊಡುವ ಸೆಟ್ಟಿನ ವಿಮರ್ಶೆ ಇದು.

ಅವರ ಕೆಲಸದಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದ್ದು: ಮಾದರಿಯನ್ನು ಲ್ಯಾಬಿನ ಮಷಿನ್ನಿನಲ್ಲಿ ಮಾಡುವುದಿಲ್ಲ. ನಿಮ್ಮ ಶೆಡ್ಡಿಗೇ ಬಂದು, ನಿಮ್ಮ ಮಷಿನ್, ನಿಮ್ಮ 1.2 ಮಿ.ಮೀ. ವೈರು, ನಿಮ್ಮ ವೆಲ್ಡರ್ ಕೈಯಲ್ಲೇ 150 ಮಿ.ಮೀ. ಉದ್ದದ ನಾಲ್ಕು ಪಟ್ಟಿ ಹಾಕಿಸುತ್ತಾರೆ: ಚೆನ್ನಾಗಿರುವುದು, ಒಪ್ಪಬಹುದಾದ ಕಟ್ಟಕಡೆಯದು, ಆ ಗೆರೆಯನ್ನು ಸ್ವಲ್ಪವೇ ದಾಟಿದ್ದು, ಪೂರಾ ಕೆಟ್ಟದ್ದು. ನಡುವಿನ ಎರಡೇ ಜೀವಾಳ. ಕನ್ನಡಿಯಂಥ ಬೀಡ್ (ಬೆಸುಗೆಯ ಸಾಲು) ಒಂದನ್ನು ಗೋಡೆಗೆ ತೂಗುಹಾಕಿದರೆ ಯಾವ ಜಗಳವೂ ತೀರುವುದಿಲ್ಲ, ಏಕೆಂದರೆ ಜಗಳ ಇರುವುದು ಅಂಚಿನಲ್ಲಿ.

ಕೆಡಿಸುವುದಕ್ಕೂ ಕ್ರಮ ಇದೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸುತ್ತಾರೆ. ಅಂಡರ್‌ಕಟ್ ಬೇಕಾದರೆ ವೋಲ್ಟೇಜನ್ನು ಎರಡು ಮೂರು ವೋಲ್ಟ್ ಏರಿಸುತ್ತಾರೆ. ಬ್ಲೋಹೋಲ್ (ಗ್ಯಾಸಿನ ರಂಧ್ರ) ಬೇಕಾದರೆ ನಿಮಿಷಕ್ಕೆ 15 ಲೀಟರ್ ಇದ್ದ ಗ್ಯಾಸನ್ನು 6ಕ್ಕೆ ಇಳಿಸುತ್ತಾರೆ. ಬೆಸುಗೆ ಕೂಡದಂತೆ ಮಾಡಲು ಟಾರ್ಚಿನ ಟಿಪ್ಪಿನಿಂದ ಪ್ಲೇಟಿಗಿರುವ 15 ಮಿ.ಮೀ. ದೂರವನ್ನು 25 ಮಾಡುತ್ತಾರೆ. ವೈರು ಉದ್ದವಾದಷ್ಟೂ ಕರೆಂಟು ಬೀಳುತ್ತದೆ, ಬೇರಿನವರೆಗೆ (ಎರಡು ಪ್ಲೇಟು ಸೇರುವ ಮೂಲೆಯವರೆಗೆ) ಶಾಖ ಹೋಗುವುದಿಲ್ಲ. ಯಾವ ತಪ್ಪಿಗೆ ಯಾವ ಕಾರಣ ಅನ್ನುವುದು ವೆಲ್ಡರಿಗೆ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಆಮೇಲೆ ಎರಡು ತುದಿಗಳ 25 ಮಿ.ಮೀ. ಬಿಟ್ಟು ಮೂರು ಕಡೆ ಅಡ್ಡ ಕತ್ತರಿಸಿ, 600 ನಂಬರ್ ಎಮರಿ ಪೇಪರಿನವರೆಗೆ ತಿಕ್ಕಿ, ಆಲ್ಕೋಹಾಲಿನಲ್ಲಿ ಕಲೆಸಿದ ನೈಟ್ರಿಕ್ ಆಸಿಡ್ ಸವರುತ್ತಾರೆ. ಬೆಸುಗೆ ಎಲ್ಲಿವರೆಗೆ ಇಳಿದಿದೆ ಅನ್ನುವುದು ಬಣ್ಣದ ವ್ಯತ್ಯಾಸದಲ್ಲಿ ಎದ್ದು ಕಾಣುತ್ತದೆ. ಟಿಪ್ಪನ್ನು 25 ಮಿ.ಮೀ. ದೂರವಿಟ್ಟು ಹಾಕಿದ ತುಂಡನ್ನು ನೋಡಬೇಕು: ಮೇಲೆ ನುಣುಪಾದ, ಒಂದೇ ಸಮನಾದ ಬೀಡ್, ಕತ್ತರಿಸಿದ ಮುಖದಲ್ಲಿ ಕೆಳಗಿನ ಪ್ಲೇಟಿನ ಉದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ. ಬೆಸುಗೆ ಕೂಡಿಲ್ಲ, ಬರೀ ಮೇಲೆ ಕೂತಿದೆ. ಸಿ ದರ್ಜೆಯಲ್ಲಿ ಇದಕ್ಕೆ ರಿಯಾಯಿತಿ ಇಲ್ಲ, ಬಿರುಕಿಗಂತೂ ಯಾವ ದರ್ಜೆಯಲ್ಲೂ ಇಲ್ಲ. ಹೊರಗಿನಿಂದ ಗೇಜ್ ಹಿಡಿದು ಇದನ್ನು ಹಿಡಿಯಲಾಗದು. ಹಾಗಾಗಿ ಕತ್ತರಿಸಿದ ತುಂಡು ಇಲ್ಲದ ಮಾದರಿ ಸೆಟ್ಟನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಸೆಟ್ಟಿನ ಜೊತೆಗಿನ ಚೀಟಿಯಲ್ಲಿ ಅಂಕಿಗಳೂ ಸರಿಯಾಗಿವೆ. 6 ಮಿ.ಮೀ. ಲೆಗ್ (ಪ್ಲೇಟಿನ ಮೇಲೆ ಬೆಸುಗೆಯ ಅಗಲ) ಅಂದರೆ ಥ್ರೋಟ್ (ಮೂಲೆಯಿಂದ ಬೆಸುಗೆಯ ಮುಖಕ್ಕಿರುವ ದಪ್ಪ) 4.2 ಮಿ.ಮೀ. ಅಂಡರ್‌ಕಟ್‌ಗೆ ಪ್ಲೇಟಿನ ದಪ್ಪದ ಹತ್ತನೇ ಒಂದು ಭಾಗ ಅಂದರೆ 0.6 ಬರುತ್ತದೆ, ಆದರೆ ಗರಿಷ್ಠ ಮಿತಿ 0.5, ಚಿಕ್ಕದನ್ನೇ ಹಿಡಿಯಬೇಕು. ಮೇಲ್ಮೈಯಲ್ಲಿ ಕಾಣುವ ಒಂಟಿ ರಂಧ್ರಕ್ಕೆ ಥ್ರೋಟಿನ ಐದನೇ ಒಂದು ಭಾಗ, ಸುಮಾರು 0.8 ಮಿ.ಮೀ. ಎಷ್ಟೋ ಶೆಡ್ಡುಗಳಲ್ಲಿ ಅಂಡರ್‌ಕಟ್ ಮಿತಿಯನ್ನು 0.6 ಅಂತಲೇ ಬರೆದುಕೊಂಡಿರುತ್ತಾರೆ, ಅದು ತಪ್ಪು.

ಕೊರತೆಗಳೂ ಇವೆ, ಸಣ್ಣವಲ್ಲ. ಎಲ್ಲ ಪಟ್ಟಿಯನ್ನೂ ಟೇಬಲ್ ಮೇಲೆ ಮಲಗಿಸಿಯೇ ಹಾಕಿಸುತ್ತಾರೆ. ಜಾಬು ಫಿಕ್ಸ್ಚರಿನಲ್ಲಿ ನಿಂತಿದ್ದರೆ ಬೀಡಿನ ಆಕಾರವೇ ಬೇರೆ, ಆ ಮಾದರಿ ಅಲ್ಲಿಗೆ ಹೊಂದುವುದಿಲ್ಲ. ನಿಂತ ಜಾಯಿಂಟಿಗೆ ಬೇರೆ ಸೆಟ್ ಬೇಕೆಂದು ಮೊದಲೇ ಕೇಳಿ. ತುದಿಗಳನ್ನು ಕತ್ತರಿಸದೆ ಬಿಡುವುದು ಪರೀಕ್ಷೆಗೆ ವಾಡಿಕೆಯಾದರೂ, ಟ್ರೇಲರ್ ಬ್ರಾಕೆಟ್ಟಿನ 60 ಮಿ.ಮೀ. ವೆಲ್ಡಿನಲ್ಲಿ ಶುರು ಮತ್ತು ಕೊನೆಯ ಕುಳಿಯೇ ಅರ್ಧ ಭಾಗ. ಬೆಳಗ್ಗೆ ತಣ್ಣಗಿನ ಪ್ಲೇಟಿನ ಮೇಲೆ ಮೊದಲ ಜಾಬು ಕೂಡದೆ ಉಳಿಯುವುದೂ ಅಲ್ಲೇ. ಸೆಟ್ಟಿನ ಜೊತೆ ಕೊಡುವ ಫೋಟೋಗಳಲ್ಲಿ ಅಳತೆಪಟ್ಟಿ ಇಲ್ಲ. ಚೀಟಿ ಪೂರಾ ಇಂಗ್ಲಿಷಿನಲ್ಲಿದೆ, ಓದಬೇಕಾದ ವೆಲ್ಡರಿಗೆ ಅದರಿಂದ ಏನು ಬಂತು? ಮಂಡ್ಯ ಜಿಲ್ಲೆಯ ತೂಬಿನಕೆರೆ ಕಡೆಯ ಘಟಕಗಳಿಗೆ ಬರಲು ಅವರು ಒಪ್ಪುತ್ತಾರೆ, ಆದರೆ ದಿನ ಗೊತ್ತುಮಾಡಲು ಸತಾಯಿಸುತ್ತಾರೆ.

ತುಂಡುಗಳು ಬಂದ ದಿನವೇ ಆಸಿಡ್ ಹಾಕಿದ ಮುಖಕ್ಕೆ ಬಣ್ಣವಿಲ್ಲದ ಲ್ಯಾಕರ್ ಹೊಡೆಯಿರಿ. ಬೆವರಿನ ಕೈ ತಾಗಿದರೆ ವಾರದಲ್ಲಿ ತುಕ್ಕು ಹಿಡಿದು ಕಪ್ಪು ಗೆರೆ ಮುಚ್ಚಿಹೋಗುತ್ತದೆ. ಗ್ರೈಂಡರ್ ಪಕ್ಕ ಬೇಡ, ಇನ್‌ಸ್ಪೆಕ್ಷನ್ ಟೇಬಲ್ಲಿನ ಮೇಲೆ ಬೆಳಕಿರುವ ಕಡೆ ಇಡಿ. ವೈರು, ಗ್ಯಾಸು, ಮಷಿನ್ನು, ಪ್ಲೇಟಿನ ದಪ್ಪ, ಇವುಗಳಲ್ಲಿ ಒಂದು ಬದಲಾದರೂ ಆ ಸೆಟ್ಟನ್ನು ಟೇಬಲ್ಲಿನಿಂದ ತೆಗೆದು ಹೊಸದು ಮಾಡಿಸಿ.