ಬ್ರಸೆಲ್ಸ್ ಸ್ಪ್ರೌಟ್ಸ್: ನೀರೋ, ಹಬೆಯೋ, ಕಾವಲಿಯೋ?

ಬ್ರಸೆಲ್ಸ್ ಸ್ಪ್ರೌಟ್ಸ್ ಒಮ್ಮೆ ತಿಂದು ‘ಸಾಕಪ್ಪಾ’ ಅಂದವರು ಸಾಮಾನ್ಯವಾಗಿ ನೀರಲ್ಲಿ ಕಾಲು ಗಂಟೆ ಬೆಂದದ್ದನ್ನು ತಿಂದವರು. ಅದೇ ಪುಟಾಣಿ ಕೋಸನ್ನು ಕಾವಲಿಯ ಮೇಲೆ ಕೆಂಪಗೆ ಮಾಡಿ, ಮೇಲೆ ನಾಲ್ಕು ಹನಿ ಕಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಿಟ್ಟರೆ ಅಕ್ಕಿ ಒಟ್ಟಿಯ (ಕೊಡಗಿನ ಅಕ್ಕಿ ರೊಟ್ಟಿಯ) ಪಕ್ಕಕ್ಕೆ ಬೇರೆ ಪಲ್ಯ ಕೇಳುವವರಿಲ್ಲ. ಇಲ್ಲಿ ಹೋಲಿಸಿರುವುದು ಕೊಡಗಿನ ಅಡುಗೆಮನೆಯಲ್ಲಿ ಆಗುವ ದಾರಿಗಳನ್ನು ಮಾತ್ರ: ಉಪ್ಪುನೀರು, ಇಡ್ಲಿ ಪಾತ್ರೆಯ ಹಬೆ, ಕಬ್ಬಿಣದ ಕಾವಲಿ, ತೆಂಗಿನಕಾಯಿ ಪಲ್ಯ, ಓವನ್. ಪ್ರತಿ ಸಲವೂ 250 ಗ್ರಾಂ ಕೋಸು, ಅಂದರೆ ಮಧ್ಯಮ ಗಾತ್ರದ ಹದಿನಾಲ್ಕು ಹದಿನೈದು ಉಂಡೆ. ಮೂರು ಜನರ ಪಕ್ಕದ ಪಲ್ಯಕ್ಕೆ ಅಷ್ಟು ಸಾಕು.

ನಮ್ಮ ಸಂತೆಗಳಲ್ಲಿ ಇದು ದಿನವೂ ಸಿಗುವ ತರಕಾರಿಯಲ್ಲ. ನೀಲಗಿರಿಯ ಚಳಿಯಲ್ಲಿ ಬೆಳೆದದ್ದು ಮೈಸೂರು, ಬೆಂಗಳೂರಿನ ದೊಡ್ಡ ಅಂಗಡಿಗಳಿಗೆ ಬರುತ್ತದೆ. ಅಲ್ಲಿಂದ ತರುವವರೇ ಹೆಚ್ಚು. ಕೊಳ್ಳುವಾಗ ಉಂಡೆಯನ್ನು ಒತ್ತಿ ನೋಡಿ, ಗಟ್ಟಿಯಾಗಿರಬೇಕು. ಬುಡದ ಕತ್ತರಿಸಿದ ಜಾಗ ಬೆಳ್ಳಗಿದ್ದರೆ ಹೊಸದು, ಕಂದು ತಿರುಗಿ ಒಣಗಿದ್ದರೆ ಹಳೆಯದು. ಮೂರು ಸೆಂಟಿಮೀಟರ್ ಒಳಗಿನವು ಒಳ್ಳೆಯವು. ದೊಡ್ಡದಾದಷ್ಟೂ ಎಲೆಕೋಸಿನ ಘಾಟು ಜಾಸ್ತಿ.

ಯಾವ ದಾರಿ ಹಿಡಿದರೂ ತಯಾರಿ ಒಂದೇ. ಹುಳ, ಹೇನು ಬಿಡಲು ಉಪ್ಪುನೀರಲ್ಲಿ ಹತ್ತು ನಿಮಿಷ ನೆನೆಸಿ. ಬುಡವನ್ನು ಎರಡು ಮೂರು ಮಿಲಿಮೀಟರ್ ಮಾತ್ರ ಸವರಿ. ಹೆಚ್ಚು ಕತ್ತರಿಸಿದರೆ ಎಲೆಗಳ ಹಿಡಿತ ತಪ್ಪಿ ಉಂಡೆ ಬಿಚ್ಚಿಕೊಳ್ಳುತ್ತದೆ. ಹಳದಿ ಎಲೆ ಕಿತ್ತು ಹಾಕಿ. ಬುಡದಿಂದ ತುದಿಗೆ ಉದ್ದಕ್ಕೆ ಎರಡು ಹೋಳು ಮಾಡಿ. ಬುಡಕ್ಕೆ ಕತ್ತರಿ ಗುರುತು ಹಾಕುವ ಇಂಗ್ಲಿಷರ ಪದ್ಧತಿ ಒಂದಿದೆ. ಅದರಿಂದ ಒಳಗೆ ನೀರು ಹೊಕ್ಕುವುದಷ್ಟೇ ಲಾಭ, ಬಿಟ್ಟುಬಿಡಿ.

ಮೊದಲು ನೀರಿನ ವಿಷಯ. ಎರಡು ಲೀಟರ್ ಕುದಿಯುವ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಹೋಳಿಗೆ ನಾಲ್ಕೈದು ನಿಮಿಷ, ಇಡೀ ಉಂಡೆಗೆ ಎಂಟೊಂಬತ್ತು. ಇದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು ಹತ್ತಿರ ಹತ್ತಿರ 96 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಒಂದು ನಿಮಿಷ ಹೆಚ್ಚು ಹಿಡಿಯಿರಿ. ಅದಕ್ಕಿಂತ ಜಾಸ್ತಿ ಬಿಟ್ಟರೆ ಕೋಸಿನೊಳಗಿನ ಗಂಧಕದ ಅಂಶಗಳು ಒಡೆದು ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಸಿ ಜೀವಸತ್ವವೂ ಬಸಿದ ನೀರಿನ ಜೊತೆ ಹೋಗುತ್ತದೆ. ಈ ದಾರಿಗೆ ಇರುವುದು ಒಂದೇ ಗುಣ: ಕಹಿಯೂ ನೀರಿಗೆ ಇಳಿಯುತ್ತದೆ. ಕಹಿಗೆ ಕಾರಣ ಸಿನಿಗ್ರಿನ್, ಪ್ರೊಗೊಯಿಟ್ರಿನ್ ಎಂಬ ಅಂಶಗಳು ಎಂದು 1990ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿ ಹ್ಯಾನ್ಸ್ ವಾನ್ ಡೋರ್ನ್ ಗುರುತಿಸಿದ ಮೇಲೆ ಕಹಿ ಕಡಿಮೆ ಇರುವ ತಳಿಗಳೇ ಹೆಚ್ಚು ಬಂದವು. ಆದ್ದರಿಂದ ಈಗ ನೀರಲ್ಲಿ ಕುದಿಸಿ ಕಹಿ ಕಳೆಯುವ ಅಗತ್ಯ ಅಷ್ಟಾಗಿ ಇಲ್ಲ. ಕಹಿ ಅಂದರೆ ತಟ್ಟೆ ದೂಡುವ ಮಕ್ಕಳಿಗಾದರೆ ಮೂರು ನಿಮಿಷ ಕುದಿಸಿ, ಬಸಿದು, ಬಟ್ಟೆಯ ಮೇಲೆ ಆರಿಸಿ, ಆಮೇಲೆ ಒಗ್ಗರಣೆ ಕೊಡಿ. ಪ್ರೆಷರ್ ಕುಕ್ಕರ್ ಹತ್ತಿರವೂ ತರಬೇಡಿ, ಒಂದೇ ಸೀಟಿಗೆ ಬಣ್ಣ ಕೆಟ್ಟು ಮುದ್ದೆಯಾಗುತ್ತದೆ.

ಹಬೆ ಇದಕ್ಕಿಂತ ಎಷ್ಟೋ ಮೇಲು. ಇಡ್ಲಿ ಪಾತ್ರೆಯ ತಟ್ಟೆಗಳನ್ನು ತೆಗೆದು ತೂತಿನ ಜಾಲರಿ ಇಡಿ, ನೀರು ಕುದಿ ಬಂದ ಮೇಲೆ ಹೋಳುಗಳನ್ನು ಒಂದೇ ಪದರದಲ್ಲಿ ಹರಡಿ, ಏಳೆಂಟು ನಿಮಿಷ. ಚಾಕುವಿನ ಮೊನೆ ಬುಡಕ್ಕೆ ಇಳಿಯಬೇಕು, ಆದರೆ ಸ್ವಲ್ಪ ತಡೆಯಬೇಕು. ಐದು ದಾರಿಗಳಲ್ಲಿ ಹಸಿರು ಚೆನ್ನಾಗಿ ಉಳಿಯುವುದು ಇದರಲ್ಲೇ. ರುಚಿ ಮಾತ್ರ ಸಪ್ಪೆ. ತುಪ್ಪ, ಕರಿಮೆಣಸು, ಉಪ್ಪು ಹಾಕಿದರೆ ಪಥ್ಯದವರಿಗೆ ಚೆನ್ನ, ಪಂದಿ ಕರಿಯ (ಹಂದಿ ಮಾಂಸದ ಅಡುಗೆಯ) ಮುಂದೆ ನಿಲ್ಲುವುದಿಲ್ಲ.

ಕಾವಲಿಗೆ ಬಂದರೆ ವಿಷಯವೇ ಬೇರೆ. ಕೋಸಿನಲ್ಲಿರುವ ಸಕ್ಕರೆ ಕೆಂಪಾಗಿ ಪರಿಮಳ ಬರಲು 140 ಡಿಗ್ರಿಗೂ ಮೇಲಿನ ಕಾವು ಬೇಕು, ನೀರು ಇರುವಲ್ಲಿ ಅದು ಬರುವುದೇ ಇಲ್ಲ. ಆದ್ದರಿಂದ ತೊಳೆದ ಹೋಳುಗಳನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ. ಮಳೆಗಾಲದ ತಿಂಗಳುಗಳಲ್ಲಿ ಇಲ್ಲಿ ಬಟ್ಟೆಯೇ ಒದ್ದೆ, ಆಗ ಅರ್ಧ ಗಂಟೆ ಫ್ಯಾನ್ ಕೆಳಗೆ ಹರಡಿದರೂ ಸರಿ. 26 ಸೆಂಟಿಮೀಟರ್ ಅಗಲದ ದಪ್ಪ ಕಬ್ಬಿಣದ ಕಾವಲಿ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಲಿ. ಒಂದೂವರೆ ದೊಡ್ಡ ಚಮಚ ಎಣ್ಣೆ ಹಾಕಿ. ಕಡಲೆಕಾಯಿ ಎಣ್ಣೆ ಒಳ್ಳೆಯದು; ಗಾಣದ ತೆಂಗಿನೆಣ್ಣೆ ಈ ಕಾವಿಗೆ ಬೇಗ ಹೊಗೆಯಾಡುತ್ತದೆ. ಪಂದಿ ಕರಿ ಮಾಡುವ ದಿನವಾದರೆ ಕರಗಿದ ಕೊಬ್ಬನ್ನೇ ಒಂದು ಚಮಚ ಎತ್ತಿಟ್ಟುಕೊಳ್ಳಿ, ಅದರ ಮುಂದೆ ಯಾವ ಎಣ್ಣೆಯೂ ಇಲ್ಲ.

ಕತ್ತರಿಸಿದ ಮುಖ ಕೆಳಗೆ ಮಾಡಿ ಒಂದೊಂದೇ ಜೋಡಿಸಿ. ಐದಾರು ನಿಮಿಷ ಸೌಟು ಮುಟ್ಟಿಸಬೇಡಿ. ಕೆಡುವುದು ಹೆಚ್ಚಾಗಿ ಇಲ್ಲೇ: ಕೈ ಸುಮ್ಮನಿರದೆ ಮಗುಚುತ್ತಾ ಹೋದರೆ ಯಾವ ಮುಖವೂ ಕೆಂಪಾಗುವುದಿಲ್ಲ. ಇನ್ನೊಂದು ತೊಂದರೆ ತುಂಬಿಸುವುದು. ಅರ್ಧ ಕೆಜಿ ಒಟ್ಟಿಗೇ ಸುರಿದರೆ ಹೋಳುಗಳು ಬಿಟ್ಟ ನೀರಲ್ಲೇ ಬೇಯುತ್ತವೆ, ಎರಡು ಸಲ ಮಾಡಿ. ಒಂದು ಹೋಳು ಎತ್ತಿ ನೋಡಿ, ಮುಖ ಕಾಫಿ ಬಣ್ಣಕ್ಕೆ ಬಂದಿದ್ದರೆ ಅರ್ಧ ಟೀ ಚಮಚ ಉಪ್ಪು, ಮೂರು ದೊಡ್ಡ ಚಮಚ ನೀರು ಹಾಕಿ ಮುಚ್ಚಿ. ಬುಡ ಬೇಯುವುದಕ್ಕೆ ಎರಡು ಮೂರು ನಿಮಿಷ ಸಾಕು. ಮುಚ್ಚಳ ತೆಗೆದು ನೀರು ಪೂರ್ತಿ ಆರಿಸಿ, ಕುಟ್ಟಿದ ಕರಿಮೆಣಸು ಅರ್ಧ ಟೀ ಚಮಚ ಉದುರಿಸಿ.

ಕಚಂಪುಳಿ ಯಾವಾಗ ಹಾಕಬೇಕು ಎನ್ನುವುದರ ಮೇಲೆ ಇಡೀ ಪಲ್ಯ ನಿಂತಿದೆ. ಕಾಲು ಟೀ ಚಮಚವನ್ನು ಅಷ್ಟೇ ನೀರಲ್ಲಿ ಕದಡಿ, ಪಲ್ಯವನ್ನು ಬಟ್ಟಲಿಗೆ ತೆಗೆದ ಮೇಲೆ ಬೆರೆಸಿ. ಮೊದಲೇ ಹಾಕಿದರೆ ಹುಳಿ ತಗುಲಿ ಹಸಿರೆಲ್ಲ ಕಂದಿ ಬೂದಿ ಬಣ್ಣವಾಗುತ್ತದೆ. ಕಾವಲಿಯಲ್ಲೇ ಹಾಕಿದರೆ ಹುಳಿ ಕಬ್ಬಿಣವನ್ನು ತಿಂದು ಪಲ್ಯಕ್ಕೆ ಕಬ್ಬಿಣದ ರುಚಿ, ಪಳಗಿದ ಕಾವಲಿಯೂ ಹಾಳು. ಊಟಕ್ಕೆ ಪಂದಿ ಕರಿ ಇದ್ದರೆ ಕಚಂಪುಳಿ ಅದರಲ್ಲೇ ಇರುತ್ತದೆ, ಕೋಸಿಗೆ ಬೇಡ. ಎರಡು ಕಡೆ ಅದೇ ಹುಳಿಯಾದರೆ ನಾಲಿಗೆ ಮರಗಟ್ಟುತ್ತದೆ. ಅಂಥ ದಿನ ಒಂದೆರಡು ಗಾಂಧಾರಿ ಮೆಣಸು ಸೀಳಿ ಹಾಕಿ, ಹುಳಿ ಬಿಡಿ.

ಅನ್ನ, ಸಾರಿನ ಊಟಕ್ಕೆ ಕಾವಲಿಯ ಕೋಸಿಗಿಂತ ತೆಂಗಿನಕಾಯಿ ಪಲ್ಯವೇ ಸರಿ. ನೂಪುಟ್ಟು (ಅಕ್ಕಿಯ ಒತ್ತು ಶಾವಿಗೆ), ಕೋಳಿ ಕರಿಯ ಜೊತೆಗೂ ಅದೇ. ಉಂಡೆಗಳನ್ನು ಎರಡು ಮೂರು ಮಿಲಿಮೀಟರ್ ತೆಳುವಾಗಿ ಹೆಚ್ಚಿ. ಸಾಸಿವೆ, ಉದ್ದಿನಬೇಳೆ, ಕರಿಬೇವು, ಎರಡು ಹಸಿಮೆಣಸಿನ ಒಗ್ಗರಣೆಗೆ ಹಾಕಿ ಉರಿ ಜೋರು ಮಾಡಿ, ಮುಚ್ಚದೆ ನಾಲ್ಕೈದು ನಿಮಿಷ ಬಾಡಿಸಿ. ಇಳಿಸುವಾಗ ಮೂರು ದೊಡ್ಡ ಚಮಚ ಕಾಯಿತುರಿ. ನೀರು ಒಂದು ಹನಿಯೂ ಬೇಡ. ಹೆಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ: ಕತ್ತರಿಸಿದ ಕೂಡಲೇ ಒಳಗಿನ ಕಿಣ್ವ ಕೆಲಸ ಶುರು ಮಾಡಿ ಸಾಸಿವೆಯಂಥ ಘಾಟು ಏರುತ್ತದೆ. ಘಾಟು ಇಷ್ಟವಿದ್ದವರು ಬೇಕೆಂದೇ ಅರ್ಧ ಗಂಟೆ ಬಿಡಬಹುದು.

ಓವನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 210 ಡಿಗ್ರಿಗೆ ಮೊದಲೇ ಕಾಯಿಸಿ, ಎಣ್ಣೆ ಸವರಿದ ಹೋಳುಗಳನ್ನು ಮುಖ ಕೆಳಗೆ ಮಾಡಿ 20ರಿಂದ 25 ನಿಮಿಷ. ಏರ್ ಫ್ರೈಯರ್ ಆದರೆ 190ರಲ್ಲಿ 12ರಿಂದ 15, ನಡುವೆ ಒಮ್ಮೆ ಅಲ್ಲಾಡಿಸಿ. ಹತ್ತು ಜನರ ಊಟಕ್ಕೆ ಓವನ್ ಅನುಕೂಲವೇ. ಆದರೆ ಜುಲೈ ತಿಂಗಳಲ್ಲಿ ಕರೆಂಟು ನೆಚ್ಚಿಕೊಂಡು ಅಡುಗೆ ಇಡುವ ಧೈರ್ಯ ಇದ್ದವರಿಗೆ ಮಾತ್ರ! ಮೂವರ ಪಲ್ಯಕ್ಕೆ ಅಷ್ಟು ಹೊತ್ತು ಉರಿಸುವುದು ದಂಡ, ಕಾವಲಿಯಲ್ಲಿ ಹತ್ತೇ ನಿಮಿಷಕ್ಕೆ ಅದಕ್ಕಿಂತ ಒಳ್ಳೆಯ ಕೆಂಪು ಬರುತ್ತದೆ.

ಫ್ರೀಜರ್ ಪೊಟ್ಟಣದ್ದು ಸಿಕ್ಕರೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಅದು ಕಾರ್ಖಾನೆಯಲ್ಲೇ ಒಮ್ಮೆ ಬಿಸಿನೀರು ಕಂಡಿರುತ್ತದೆ, ಕುದಿಸಿದರೂ ಹಬೆಯಾಡಿಸಿದರೂ ಮೆತ್ತಗೆ ಪಿಚಪಿಚ. ಪೂರ್ತಿ ಕರಗಿಸಿ, ಹೋಳು ಮಾಡಿ, ಬಟ್ಟೆಯಲ್ಲಿ ಹಿಂಡಿ, ಕಾವಲಿಗೆ ಹಾಕಿ. ಮುಚ್ಚಿ ಬೇಯಿಸುವ ಹಂತವೇ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಬಡಿಸುವ ಮೊದಲು ವೈದ್ಯರನ್ನು ಕೇಳಿ, ಈ ಕೋಸಿನಲ್ಲಿ ಕೆ ಜೀವಸತ್ವ ಧಾರಾಳ. ಉಳಿದ ಪಲ್ಯವನ್ನು ಮತ್ತೆ ಬಿಸಿ ಮಾಡಿದರೆ ಗಂಧಕದ ವಾಸನೆ ಏಳುತ್ತದೆ. ಕೊಚ್ಚಿ ಮರುದಿನದ ಅಕ್ಕಿ ರೊಟ್ಟಿಯ ಹಿಟ್ಟಿಗೆ ಕಲಸಿಬಿಡಿ.