ಕಡಿದಾದ ಇಳಿಜಾರಿಗೆ ಯಾವ ಸ್ಕೀ ಕ್ಲಿನಿಕ್? ಮೂರು ಕಡೆ ಕಲಿತ ಮೇಲೆ ನನಗನಿಸಿದ್ದು

ನೀಲಿ ಗುರುತಿನ ಇಳಿಜಾರಿನಲ್ಲಿ ನಾನು ಚೆನ್ನಾಗಿಯೇ ಸ್ಕೀ ಮಾಡುತ್ತೇನೆ. ಅದಕ್ಕಿಂತ ಕಷ್ಟದ್ದು ಅಂತ ಕಪ್ಪು ಗುರುತು ಹಾಕಿದ ಇಳಿಜಾರೂ, ರಾತ್ರಿ ಯಂತ್ರ ಓಡಿಸಿ ಸಮ ಮಾಡಿದ್ದರೆ, ಪರವಾಗಿಲ್ಲ. ಯಂತ್ರ ಮುಟ್ಟದ ಜಾಗಕ್ಕೆ ಬಂದಾಗಲೇ ಕಷ್ಟ ಶುರುವಾಗುತ್ತಿತ್ತು. ಕಡಿದಾದ ಇಳಿಜಾರು, ಜನ ಒಂದೇ ಜಾಗದಲ್ಲಿ ತಿರುಗಿ ತಿರುಗಿ ಗುಪ್ಪೆಯಾದ ಮೊಗಲ್ ದಿಬ್ಬಗಳು, ಗಂಟುಗಂಟಾದ ಹಳೇ ಹಿಮ. ಅಲ್ಲಿ ಮಂಡಿ ಬಿಗಿಯುತ್ತಿತ್ತು. ಮೈ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತಿತ್ತು. ಎಡಕ್ಕೆ ತಿರುಗುವುದು ಹೇಗೋ ಆಗುತ್ತಿತ್ತು. ಬಲಕ್ಕೆ ತಿರುಗಲು ಧೈರ್ಯ ಸಾಲದೆ ಅಡ್ಡಡ್ಡ ಜಾರುತ್ತಾ ಅಂಚಿನ ಮರಗಳವರೆಗೂ ಹೋಗಿಬಿಡುತ್ತಿದ್ದೆ. ಎಂಟು ವರ್ಷ ಸ್ಕೀ ಮಾಡಿದರೂ ಇದು ತಾನಾಗಿಯೇ ಸರಿಹೋಗಲಿಲ್ಲ.

ಹಾಗಾಗಿ ಎರಡು ಸೀಸನ್‌ನಲ್ಲಿ ಮೂರು ಕಡೆ ಕ್ಲಿನಿಕ್ ಸೇರಿದೆ, ಅಂದರೆ ಕೋಚ್ ಗುಂಪಿನ ಜೊತೆಗಿದ್ದು ಕಲಿಸುವ ತರಬೇತಿ. ಒಂದು, ಹೆಂಗಸರಿಗೆಂದೇ ನಡೆಸುವ ಮೂರು ದಿನದ ಶಿಬಿರ. ಇನ್ನೊಂದೂ ಹೆಂಗಸರಿಗೆಂದೇ ಇದ್ದದ್ದು, ಆದರೆ ವಾರಕ್ಕೊಂದು ಬೆಳಗ್ಗೆಯಂತೆ ಆರು ವಾರ. ಮೂರನೆಯದು ಗಂಡಸರೂ ಹೆಂಗಸರೂ ಒಟ್ಟಿಗೆ ಕಲಿಯುವ ನಾಲ್ಕು ದಿನದ ಕ್ಯಾಂಪ್, ಪೂರ್ತಿ ಕಡಿದಾದ ಜಾಗಗಳಿಗೇ ಮೀಸಲು. ನನಗೆ ಹೆಚ್ಚು ಉಪಯೋಗವಾಗಿದ್ದು ವಾರಕ್ಕೊಂದು ಬೆಳಗ್ಗೆಯದು. ಮೂರರಲ್ಲಿ ಕಡಿದಾದ ಜಾಗಕ್ಕೆ ಅತಿ ಕಡಿಮೆ ಕರೆದುಕೊಂಡು ಹೋಗಿದ್ದೂ ಅದೇ.

ಮೂರು ದಿನದ ಶಿಬಿರದಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನವರು ಮೊದಲು ಸೇರುವುದು ಇಂಥದ್ದಕ್ಕೇ. ದಿನಕ್ಕೆ ಆರು ಗಂಟೆ, ಗುಂಪಿಗೆ ಏಳು ಜನ. ಮೊದಲ ಬೆಳಗ್ಗೆ ಎಲ್ಲರೂ ಒಬ್ಬೊಬ್ಬರಾಗಿ ಇಳಿಯಬೇಕು. ಕೋಚ್‌ಗಳು ಕೆಳಗೆ ನಿಂತು ನೋಡಿ ಗುಂಪು ಮಾಡುತ್ತಾರೆ. ನಾವು ಇಳಿದಿದ್ದು ಸಮ ಮಾಡಿದ ಇಳಿಜಾರಿನಲ್ಲಿ. ಅಲ್ಲಿ ನನ್ನ ತಿರುವುಗಳು ಚೆಂದವಾಗಿಯೇ ಕಾಣುತ್ತವೆ. ಸೀದಾ ಮೇಲಿನ ಗುಂಪಿಗೆ ಹಾಕಿದರು. ನನಗೆ ಖುಷಿಯೂ ಆಯಿತು, ಸುಮ್ಮನಿದ್ದೆ. ಎರಡನೇ ದಿನ ಮಧ್ಯಾಹ್ನ ಎರಡು ಬಂಡೆಗಳ ನಡುವಿನ ಕಿರಿದಾದ ಇಳಿಜಾರಿನ ತಲೆಯ ಮೇಲೆ ನಿಂತಾಗ ಎದೆ ಧಸಕ್ ಅಂತು. ಅಲ್ಲಿ ಅಡ್ಡ ಹೋಗಲು ಜಾಗವಿಲ್ಲ. ಬಲಕ್ಕೆ ತಿರುಗಲೇಬೇಕು. ನಾನು ತಿರುಗಲಿಲ್ಲ. ಸ್ಕೀ ಎರಡನ್ನೂ ಅಡ್ಡ ಇಟ್ಟು, ಅಂಚು ಕೆರೆಯುತ್ತಾ, ಇಂಚಿಂಚಾಗಿ ಕೆಳಗೆ ಜಾರಿದೆ. ಕೋಚ್ ಪಕ್ಕದಲ್ಲೇ ಇದ್ದು ತಾಳ್ಮೆಯಿಂದ ಇಳಿಸಿದರು. ಆದರೆ ಉಳಿದ ಆರು ಜನ ಕೆಳಗೆ ಇಪ್ಪತ್ತು ನಿಮಿಷ ಚಳಿಯಲ್ಲಿ ಕಾದರು. ಮೂರನೇ ದಿನ ತೊಡೆ ನಡುಗುತ್ತಿತ್ತು, ಹೊಸದೇನನ್ನೂ ಕಲಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇಷ್ಟಾದರೂ ಆ ಶಿಬಿರ ನನಗೆ ಎರಡು ದೊಡ್ಡ ಉಪಕಾರ ಮಾಡಿತು. ಒಂದು, ಸಂಜೆ ತೋರಿಸುತ್ತಿದ್ದ ವಿಡಿಯೋ. ನಾನು ಮುಂದೆ ಬಾಗಿದ್ದೇನೆ ಅಂದುಕೊಂಡಿದ್ದ ಜಾಗದಲ್ಲೆಲ್ಲ ಕುರ್ಚಿಯ ಮೇಲೆ ಕೂತ ಹಾಗೆ ಹಿಂದೆ ಕೂತಿದ್ದೆ. ಯಾರು ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ, ಕಣ್ಣಾರೆ ನೋಡಿದ ಮೇಲೆ ನಂಬಲೇಬೇಕಾಯಿತು. ಇನ್ನೊಂದು, ಬೂಟಿನ ತಪಾಸಣೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಬೂಟಿನ ಒಳಗಿನ ಮೆತ್ತನೆಯ ಭಾಗವನ್ನು ಹೊರಗೆ ತೆಗೆದು, ಗಟ್ಟಿ ಚಿಪ್ಪಿನೊಳಗೆ ಬರೀ ಕಾಲಿಡಬೇಕು. ಬೆರಳ ತುದಿ ಮುಂದೆ ತಾಕುವಂತೆ ನಿಂತು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯುತ್ತದೆ ಅಂತ ನೋಡಬೇಕು. ಒಂದರಿಂದ ಎರಡು ಬೆರಳಿನಷ್ಟು, ಅಂದರೆ ಸುಮಾರು 15ರಿಂದ 20 ಮಿಲಿಮೀಟರ್ ಇದ್ದರೆ ಸರಿ. ನನ್ನದರಲ್ಲಿ ಮೂರು ಬೆರಳು ಆರಾಮಾಗಿ ಹೋಯಿತು! ಅಷ್ಟು ವರ್ಷ ಬೂಟಿನೊಳಗೆ ನನ್ನ ಕಾಲು ಈಜಾಡುತ್ತಿತ್ತು. ನಾನು ಮಂಡಿ ಬಾಗಿಸಿದಾಗ ಮೊದಲು ಹಿಮ್ಮಡಿ ಏಳುತ್ತಿತ್ತು, ಆಮೇಲೆ ಸ್ಕೀಗೆ ಸುದ್ದಿ ಮುಟ್ಟುತ್ತಿತ್ತು. ಹೆಂಗಸರಲ್ಲಿ ಮೀನಖಂಡ ಸಾಮಾನ್ಯವಾಗಿ ಸ್ವಲ್ಪ ಕೆಳಗೇ ಶುರುವಾಗುತ್ತದೆ. ಅದಕ್ಕೇ ಹೆಂಗಸರ ಬೂಟಿನ ಮೇಲಿನ ಪಟ್ಟಿಯ ಎತ್ತರ ಕಡಿಮೆ ಇರುತ್ತದೆ. ಬೂಟು ಕಾಲಿಗೆ ಕೂಡದಿದ್ದರೆ ಮೈ ಹಿಂದಕ್ಕೆ ವಾಲುತ್ತದೆ, ಅದನ್ನು ಬೈದು ಸರಿ ಮಾಡಲು ಆಗುವುದಿಲ್ಲ.

ಹಿಂದೆ ಕೂರುವುದು ಬರೀ ಚೆಂದದ ಮಾತಲ್ಲ, ಮಂಡಿಯ ಮಾತು. ಸ್ಕೀಯಿಂಗ್‌ನಲ್ಲಿ ಮಂಡಿಯೊಳಗಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು) ಹರಿಯುವ ಸಾಧ್ಯತೆ ಹೆಂಗಸರಿಗೆ ಗಂಡಸರಿಗಿಂತ ಎರಡರಿಂದ ಮೂರು ಪಟ್ಟು ಜಾಸ್ತಿ. ಅದು ಹರಿಯುವ ಒಂದು ಸಾಮಾನ್ಯ ರೀತಿ ಹೀಗಿದೆ: ಆಯ ತಪ್ಪಿ ಹಿಂದಕ್ಕೆ ಕೂರುತ್ತೇವೆ, ಸೊಂಟ ಮಂಡಿಗಿಂತ ಕೆಳಗೆ ಬರುತ್ತದೆ, ಭಾರವೆಲ್ಲ ಕೆಳಗಿನ ಸ್ಕೀಯ ಬಾಲದ ಒಳ ಅಂಚಿನ ಮೇಲೆ ಬೀಳುತ್ತದೆ. ಸ್ಕೀ ಒಳಕ್ಕೆ ತಿರುಚಿಕೊಳ್ಳುತ್ತದೆ, ಅದರ ಜೊತೆ ಮಂಡಿಯೂ. ಆ ಸಂಜೆಯೇ ಹೊಸ ಬೂಟು ತೆಗೆದುಕೊಳ್ಳಲು ನಿರ್ಧರಿಸಿದೆ. ಬೂಟು ಬದಲಾಯಿಸಿದರೆ, ಅದನ್ನು ಸ್ಕೀಗೆ ಹಿಡಿದಿಟ್ಟು ಬಿದ್ದಾಗ ಬಿಟ್ಟುಕೊಡುವ ಬೈಂಡಿಂಗ್ ಮತ್ತೆ ಹೊಂದಿಸಲೇಬೇಕು. ಅದರ ಲೆಕ್ಕದಲ್ಲಿ ತೂಕ, ಎತ್ತರ, ವಯಸ್ಸಿನ ಜೊತೆ ಬೂಟಿನ ಅಟ್ಟೆಯ ಉದ್ದವೂ ಸೇರುತ್ತದೆ.

ಇನ್ನು ಆರು ವಾರದ ಕ್ಲಿನಿಕ್. ನಾಲ್ಕೇ ಜನ, ಒಬ್ಬರೇ ಕೋಚ್, ಪ್ರತಿ ಸಲ ಮೂರು ಗಂಟೆ. ಮೊದಲ ವಾರ ನಿರಾಸೆಯೇ ಆಯಿತು ಅನ್ನಬೇಕು. ಸಲೀಸಾದ ನೀಲಿ ಇಳಿಜಾರಿನಲ್ಲಿ ಮೂರು ಗಂಟೆ ಪೂರ್ತಿ ಅಡ್ಡ ಜಾರಿಸಿದರು. ಮುಂದಕ್ಕೆ ಜಾರು, ಹಿಂದಕ್ಕೆ ಜಾರು, ಉದುರುವ ಎಲೆಯ ಹಾಗೆ. ಆಮೇಲೆ ಪಿವಟ್ ಸ್ಲಿಪ್. ಅಂದರೆ ಚೆಂಡು ಬಿಟ್ಟರೆ ಉರುಳುವ ದಾರಿಯಿದೆಯಲ್ಲ, ಆ ಕಿರುದಾರಿ ಬಿಟ್ಟು ಆಚೀಚೆ ಹೋಗದೆ, ಎದೆ ಕಣಿವೆಯ ಕಡೆಗೇ ಇಟ್ಟು, ಕಾಲು ಮಾತ್ರ ತಿರುಗಿಸಿ ಸ್ಕೀಯನ್ನು ಈ ಅಡ್ಡದಿಂದ ಆ ಅಡ್ಡಕ್ಕೆ ತರುವುದು. ನೋಡಲು ಸುಲಭ. ಮಾಡಲು ಹೋದಾಗ ನನ್ನ ಬಲತಿರುವಿನ ಗುಟ್ಟು ಹೊರಬಿತ್ತು. ಬಲಕ್ಕೆ ತಿರುಗುವಾಗ ನಾನು ಕಾಲು ತಿರುಗಿಸುತ್ತಲೇ ಇರಲಿಲ್ಲ, ಭುಜ ಬೀಸಿ ಇಡೀ ಮೈಯನ್ನೇ ಎಸೆಯುತ್ತಿದ್ದೆ. ಸಮ ಮಾಡಿದ ಹಿಮ ಇದನ್ನು ಕ್ಷಮಿಸುತ್ತದೆ. ಕಡಿದಾದ ಒರಟು ಹಿಮ ಕ್ಷಮಿಸುವುದಿಲ್ಲ.

ಕೋಚ್ ಪ್ರತಿ ವಾರ ಒಂದೇ ಒಂದು ಪಾಠ ಕೊಟ್ಟು ಕಳಿಸುತ್ತಿದ್ದರು. ಎರಡನೇ ವಾರದ್ದು, ತಿರುಗುವ ಮೊದಲು ಪೋಲನ್ನು (ಕೈಯಲ್ಲಿ ಹಿಡಿಯುವ ಕೋಲು) ಪಕ್ಕಕ್ಕಲ್ಲ, ಕೆಳಗೆ, ಬೂಟಿಗಿಂತಲೂ ಕೆಳಗೆ ಊರು ಅಂತ. ಅಷ್ಟು ಕೆಳಗೆ ಕೈ ಚಾಚಬೇಕಾದರೆ ಮೈ ತಾನಾಗಿ ಕಣಿವೆಯ ಕಡೆ ಬರುತ್ತದೆ. 'ಮುಂದೆ ಬಾಗು' ಅಂತ ಎಷ್ಟೋ ವರ್ಷ ಕೇಳಿದ್ದು ಮಾಡದ ಕೆಲಸವನ್ನು ಈ ಒಂದು ಮಾತು ಮಾಡಿತು. ನಡುವಿನ ದಿನಗಳಲ್ಲಿ ಒಬ್ಬಳೇ ಹೋಗಿ ಅದನ್ನೇ ತಿದ್ದಿಕೊಂಡೆ. ಮುಂದಿನ ವಾರ ಬಂದಾಗ ಅದೇ ಕಣ್ಣು ನೋಡುತ್ತಿತ್ತು. ಏನು ಬದಲಾಗಿದೆ, ಏನು ಹಳೇ ದಾರಿಗೆ ಮರಳಿದೆ ಅಂತ ಅವರಿಗೆ ಗೊತ್ತಾಗುತ್ತಿತ್ತು.

ಇನ್ನೊಂದು ಲಾಭ ನಾನು ಮೊದಲೇ ಯೋಚಿಸಿರಲಿಲ್ಲ. ಆರು ವಾರ ಅಂದರೆ ಆರು ಬಗೆಯ ಹಿಮ. ಒಂದು ಬೆಳಗ್ಗೆ ಕಲ್ಲಿನಂತೆ ಗಟ್ಟಿ ಮಂಜುಗಡ್ಡೆ. ಇನ್ನೊಂದು ದಿನ ಮೊಳಕಾಲುದ್ದ ಹೊಸ ಹಿಮ. ಅಲ್ಲಿ ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿದರೆ ಆ ಸ್ಕೀ ಮುಳುಗುತ್ತದೆ, ಎರಡರ ಮೇಲೂ ಹಂಚಿಕೊಂಡು ನಿಲ್ಲಬೇಕು. ಮತ್ತೊಂದು ದಿನ ಮಂಜು ಮುಸುಕಿ ಹತ್ತು ಅಡಿ ಮುಂದೆ ಕಾಣಿಸಲಿಲ್ಲ, ಆವತ್ತು ಪಾದದಿಂದಲೇ ಇಳಿಜಾರನ್ನು ತಿಳಿಯುವುದು ಕಲಿತೆವು. ಮೂರು ದಿನದ ಶಿಬಿರದಲ್ಲಿ ಮೂರೂ ದಿನ ಒಂದೇ ಬಿಸಿಲು, ಒಂದೇ ಹಿಮ.

ಐದನೇ ವಾರ ಮೊಗಲ್‌ಗೆ ಹೋದೆವು. ದಿಬ್ಬದ ನೆತ್ತಿಯ ಮೇಲೆ ತಿರುಗಬೇಕು, ಏಕೆಂದರೆ ಅಲ್ಲಿ ಸ್ಕೀಯ ತಲೆ ಬಾಲ ಎರಡೂ ಗಾಳಿಯಲ್ಲಿರುತ್ತವೆ, ತಿರುಗಿಸುವುದು ಸಲೀಸು. ದಿಬ್ಬ ಹತ್ತುವಾಗ ಮಂಡಿ ಮಡಚಿ ಅದನ್ನು ನುಂಗಿಕೊಳ್ಳಬೇಕು, ಹಿಂಬದಿ ಇಳಿಯುವಾಗ ಕಾಲು ಚಾಚಿ ಹಿಮವನ್ನು ಬಿಡದೆ ಹಿಡಿದಿರಬೇಕು. ಪಿವಟ್ ಸ್ಲಿಪ್ ಯಾಕೆ ಅಷ್ಟು ಮಾಡಿಸಿದರು ಅಂತ ಆವತ್ತು ಅರ್ಥವಾಯಿತು. ದಿಬ್ಬದ ಮೇಲಿನ ತಿರುವು ಅದೇ ತಾನೇ! ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ನಿಲ್ಲದೆ ಎಂಟು ತಿರುವು ಮಾಡಿದೆ. ಕಣ್ಣಲ್ಲಿ ನೀರು ಬಂತು.

ಈ ಬಗೆಯ ಕ್ಲಿನಿಕ್‌ನ ತೊಂದರೆಗಳೂ ಸಣ್ಣವಲ್ಲ. ಬೆಟ್ಟಕ್ಕೆ ಹತ್ತಿರ ಇರುವವರಿಗೆ ಮಾತ್ರ ಇದು ಸಾಧ್ಯ. ಲಿಫ್ಟ್‌ನ ಸಾಲು ಉದ್ದವಾದರೆ ಮೂರು ಗಂಟೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ನಾನು ಒಂದು ವಾರ ಜ್ವರ ಬಂದು ತಪ್ಪಿಸಿಕೊಂಡೆ, ಆ ಪಾಠ ಹೋಗಿಯೇ ಹೋಯಿತು. ನಮ್ಮ ಬೆಟ್ಟದಲ್ಲಿ ನಿಜವಾಗಿ ಕಡಿದಾದ ಜಾಗ ಎರಡೇ ಇದ್ದವು.

ಆ ಕೊರತೆ ತುಂಬಲೆಂದೇ ಮುಂದಿನ ಸೀಸನ್ ಎಲ್ಲರೂ ಸೇರುವ ನಾಲ್ಕು ದಿನದ ಕ್ಯಾಂಪಿಗೆ ಹೋದೆ. ಎಂಟು ಜನರಲ್ಲಿ ನಾವಿಬ್ಬರು ಹೆಂಗಸರು. ಜಾಗ ಮಾತ್ರ ಅದ್ಭುತ. ಕೋಚ್ ಸ್ಕೀ ಮಾಡುವುದನ್ನು ನೋಡುತ್ತಾ ನಿಂತುಬಿಡಬಹುದು, ಅಷ್ಟು ಸೊಗಸು. ಅಲ್ಲಿ ಕಲಿತ ಕೆಲವು ಸಂಗತಿಗಳು ಬೇರೆಲ್ಲೂ ಸಿಗಲಿಲ್ಲ. ಇಳಿಯುವ ಮೊದಲು ಮೇಲಿನಿಂದಲೇ ಮೊದಲ ಮೂರು ತಿರುವು ಎಲ್ಲಿ ಅಂತ ಗೊತ್ತು ಮಾಡಿಕೊಳ್ಳುವುದು. ಬಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತೇನೆ ಅಂತ ನೋಡುವುದು. ಬಿದ್ದು ಜಾರತೊಡಗಿದರೆ ಸ್ಕೀಯನ್ನು ಕೆಳಗಿನ ಬದಿಗೆ ತಂದು ಅಂಚು ಊರುವುದು. ಸ್ಕೀ ಕಳಚಿ ಹೋಗಿದ್ದರೆ ಬೋರಲಾಗಿ ತಿರುಗಿ, ಕೈಯಿಂದ ಎದೆ ಎತ್ತಿ, ಬೂಟಿನ ತುದಿಯನ್ನು ಹಿಮಕ್ಕೆ ಒತ್ತುವುದು. ಇದನ್ನು ಬೇಕೆಂದೇ ಬಿದ್ದು ಅಭ್ಯಾಸ ಮಾಡಿಸಿದರು. ಬಿದ್ದರೆ ನಿಲ್ಲಿಸಿಕೊಳ್ಳಬಲ್ಲೆ ಅಂತ ಗೊತ್ತಾದ ಮೇಲೆ ನನ್ನ ಅರ್ಧ ಹೆದರಿಕೆ ಹೋಯಿತು.

ಆದರೆ ಕಲಿಸುವ ರೀತಿ 'ನನ್ನ ಹಿಂದೆ ಬನ್ನಿ' ಅಷ್ಟೇ. ಮುಂದಿದ್ದವರು ಕೆಳಗೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಕೊನೆಯವರು ಬಂದು ನಿಲ್ಲುತ್ತಿದ್ದ ಹಾಗೇ ಗುಂಪು ಹೊರಡುತ್ತದೆ. ಅಂದರೆ ಯಾರಿಗೆ ವಿಶ್ರಾಂತಿ ಹೆಚ್ಚು ಬೇಕೋ ಅವರಿಗೇ ಸಿಗುವುದಿಲ್ಲ. ನಾಲ್ಕು ದಿನದಲ್ಲಿ ನನ್ನ ತಿರುವಿನ ಬಗ್ಗೆ ಕೋಚ್ ಹೇಳಿದ್ದು ಎರಡು ಸಲ. ಕೇಳಿದ್ದರೆ ಹೇಳುತ್ತಿದ್ದರೇನೋ, ಆದರೆ ಏಳು ಜನರನ್ನು ನಿಲ್ಲಿಸಿ ಕೇಳಲು ನನಗೆ ಬಾಯಿ ಬರಲಿಲ್ಲ. ವಾರದ ಕ್ಲಿನಿಕ್ ಮಾಡದೆ ಮೊದಲೇ ಇಲ್ಲಿಗೆ ಬಂದಿದ್ದರೆ ನಾನು ಸ್ಕೀಯಿಂಗ್ ಬಿಟ್ಟೇಬಿಡುತ್ತಿದ್ದೆ.

ಹಾಗಾದರೆ ಹೆಂಗಸರದೇ ಕ್ಲಿನಿಕ್ ಬೇಕೇ? ಇಂಥವು ಇಂದು ನಿನ್ನೆಯವಲ್ಲ. 1970ರ ದಶಕದಲ್ಲೇ ಅಮೆರಿಕದಲ್ಲಿ ಎಲಿಸ್ಸಾ ಸ್ಲ್ಯಾಂಗರ್ ಹೆಂಗಸರಿಗೆಂದೇ ಸ್ಕೀ ತರಬೇತಿ ನಡೆಸುತ್ತಿದ್ದರು. ಹಿಮಕ್ಕೆ ಹೆಣ್ಣು ಗಂಡು ಗೊತ್ತಿಲ್ಲ, ತಿರುವಿನ ತಂತ್ರ ಎಲ್ಲರಿಗೂ ಒಂದೇ. ವ್ಯತ್ಯಾಸ ನಾನು ಕಂಡಿದ್ದು ಎರಡು ಕಡೆ. ಬೂಟು, ಮಂಡಿ, ತೂಕ ಎಲ್ಲಿ ಬೀಳುತ್ತದೆ ಅನ್ನುವುದನ್ನು ಎರಡೂ ಹೆಂಗಸರ ಕ್ಲಿನಿಕ್‌ಗಳಲ್ಲಿ ಮೊದಲ ದಿನವೇ ನೋಡಿದರು, ಇನ್ನೊಂದರಲ್ಲಿ ಯಾರೂ ನೋಡಲಿಲ್ಲ. ಮತ್ತೆ, ಅಲ್ಲಿ ಹೆದರಿಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದೆವು. ಲಿಫ್ಟ್‌ನಲ್ಲಿ ಒಬ್ಬರು 'ನನಗೆ ಆ ಎರಡನೇ ತಿರುವು ಭಯ' ಅಂದರೆ ಕೋಚ್ ಆ ತಿರುವಿನ ಮೇಲೇ ಕೆಲಸ ಮಾಡಿಸುತ್ತಿದ್ದರು. ಹೇಳದ ಹೆದರಿಕೆಗೆ ಯಾವ ಕೋಚ್ ಏನು ಮಾಡಲು ಸಾಧ್ಯ? ಅಂದ ಮಾತ್ರಕ್ಕೆ ಹೆಂಗಸರದು ಅಂತ ಬೋರ್ಡು ಹಾಕಿದ್ದೆಲ್ಲ ಒಳ್ಳೆಯದಲ್ಲ. ದಿನಕ್ಕೆ ಎಷ್ಟು ಗಂಟೆ ಹಿಮದ ಮೇಲೆ ಇರುತ್ತೇವೆ ಅಂತ ಮೊದಲೇ ಕೇಳಿ.

ಸೇರುವ ಮೊದಲು ಕೇಳಬೇಕಾದ್ದು ಇನ್ನೂ ಇದೆ. 'ಕಪ್ಪು ಇಳಿಜಾರಿಗೆ ಕರೆದುಕೊಂಡು ಹೋಗುತ್ತೇವೆ' ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಣ್ಣ ಕೊಡುವುದು ಆಯಾ ಬೆಟ್ಟದ ಉಳಿದ ಇಳಿಜಾರುಗಳಿಗೆ ಹೋಲಿಸಿ, ಒಂದು ಕಡೆಯ ಕಪ್ಪು ಇನ್ನೊಂದು ಕಡೆ ನೀಲಿ ಆಗಬಹುದು. ಎಷ್ಟು ಡಿಗ್ರಿ ಅಂತ ಕೇಳಿ. ಡಿಗ್ರಿಯೋ ಶೇಕಡಾವೋ ಅದನ್ನೂ ಕೇಳಿ. ಶೇ. 100 ಅಂದರೆ 45 ಡಿಗ್ರಿ. ಶೇ. 70 ಅಂದರೆ 35 ಡಿಗ್ರಿ. 30 ಡಿಗ್ರಿಯಲ್ಲಿ ನಿಂತವರಿಗೆ 35 ಅಂದರೆ ಬೇರೆಯೇ ಲೋಕ. ಗುಂಪಿಗೆ ಎಷ್ಟು ಜನ, ಕೊನೆಯವರೆಗೂ ಅದೇ ಕೋಚ್ ಇರುತ್ತಾರಾ ಅಂತ ಕೇಳಿ. ನಾಲ್ಕೈದು ಜನರಿಗಿಂತ ಜಾಸ್ತಿ ಇದ್ದರೆ ನಾನಂತೂ ಇನ್ನು ಸೇರುವುದಿಲ್ಲ. ಮೂರೇ ದಿನ ರಜೆ ಸಿಗುವವರು ಶಿಬಿರಕ್ಕೇ ಹೋಗಿ, ತಪ್ಪೇನಿಲ್ಲ. ಆದರೆ ಗುಂಪು ಮಾಡುವ ಹೊತ್ತಿಗೆ ಕೋಚ್ ಹತ್ತಿರ ಹೋಗಿ 'ಸಮ ಮಾಡಿದ ಕಡೆ ಚೆನ್ನಾಗಿ ಬರುತ್ತದೆ, ಒರಟು ಹಿಮದಲ್ಲಿ ಬರುವುದಿಲ್ಲ' ಅಂತ ಹೇಳಿಬಿಡಿ. ಮೊದಲ ದಿನ ಮಧ್ಯಾಹ್ನದೊಳಗೆ ಗುಂಪು ಬದಲಾಯಿಸಬಹುದಾ ಅಂತಲೂ ಕೇಳಿ. ನಾನು ಅವೆರಡನ್ನೂ ಮಾಡಲಿಲ್ಲ.

ಈ ಸೀಸನ್ ಮತ್ತೆ ಆರು ವಾರದ ಕ್ಲಿನಿಕ್‌ಗೇ ಹೆಸರು ಕೊಟ್ಟಿದ್ದೇನೆ, ಅದೇ ಕೋಚ್. ಅದು ಮುಗಿದ ಮೇಲೆ ನಮ್ಮ ಗುಂಪಿನ ನಾಲ್ವರೂ ಸೇರಿ ಅವರನ್ನೇ ಎರಡು ದಿನಕ್ಕೆ ದೊಡ್ಡ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಮಾತಾಗಿದೆ. ಆ ಬಂಡೆಗಳ ನಡುವಿನ ಇಳಿಜಾರು ಇರುವುದು ಅಲ್ಲೇ. ಮೊದಲ ತಿರುವು ಬಲಕ್ಕೆ.