ಅಂಕೋಲೆಯ ಬೀದಿ ಸಂತೆ: ಎರೆ ಮಣ್ಣಿನ ಹಿತ್ತಲಿಗೆ ಏನು ತರಬೇಕು, ಏನು ಬಿಡಬೇಕು

ಕಲಬುರಗಿಯಿಂದ ಗೋಕರ್ಣಕ್ಕೆ ಕಾರಿನಲ್ಲಿ ಹೋಗುವವರು ಅಂಕೋಲೆಯನ್ನು ಸುಮ್ನೆ ದಾಟಿ ಹೋಗಬೇಡಿ. ಹಿತ್ತಲಲ್ಲಿ ನಾಲ್ಕು ಗಿಡ ಇಟ್ಟುಕೊಂಡವರಾದರೆ ಅಲ್ಲಿ ಒಂದೆರಡು ತಾಸು ನಿಲ್ಲಲೇಬೇಕು. ಜೇವರ್ಗಿ, ಸಿಂದಗಿ ಮೇಲೆ ಹಾಯ್ದು ವಿಜಯಪುರ ಮುಟ್ಟಿದರೆ ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52 ಸಿಗುತ್ತದೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದರೆ ಅಂಕೋಲೆ. ಒಟ್ಟು ಸುಮಾರು 500 ಕಿ.ಮೀ. ನಾವು ಮೇ ತಿಂಗಳಲ್ಲಿ ಹೋದಾಗ ರಾತ್ರಿ ಹುಬ್ಬಳ್ಳಿಯಲ್ಲಿ ಉಳಿದು ನಸುಕಿನಲ್ಲೇ ಹೊರಟೆವು. ಸಂತೆಗೆ ಮುಂಜಾನೆ ಮುಟ್ಟಿದರೇನೇ ಚಂದ. ಬಿಸಿಲು ಏರಿತು ಅಂದ್ರೆ ಹಳ್ಳಿಯಿಂದ ಬಂದ ಹೆಂಗಸರು ಬುಟ್ಟಿ ಖಾಲಿ ಮಾಡಿ ಊರಿನ ಬಸ್ಸು ಹತ್ತಿಬಿಡುತ್ತಾರೆ.

ಇಲ್ಲಿ ದೊಡ್ಡ ಕಟ್ಟಡ, ಬೋರ್ಡು ಅಂತ ಹುಡುಕಬೇಡಿ. ಪೇಟೆಯ ರಸ್ತೆ ಬದಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿರುತ್ತಾರೆ. ಅವರಲ್ಲಿ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಸಮುದಾಯದ ಅಜ್ಜಿಯರೂ ಇರುತ್ತಾರೆ. ನನಗೆ ಈ ಸಂತೆ ಇಷ್ಟವಾಗಲು ಅವರೇ ಕಾರಣ. ಅವರು ಮಾರುವುದು ಅವರೇ ಬೆಳೆದದ್ದು. ಭತ್ತ ಕೊಯ್ದ ಗದ್ದೆಯಲ್ಲಿ ತರಕಾರಿ ಹಾಕಿ, ನೀರು ಹೊತ್ತು ಹಾಕಿ ಬೆಳೆಸಿದ್ದು. ಹಾಗಾಗಿ ಯಾವ ಕಾಯಿ ಬಗ್ಗೆ ಕೇಳಿದರೂ ಉತ್ತರ ಸಿಗುತ್ತದೆ. ಕಲಬುರಗಿಯ ನಮ್ಮ ಕಣ್ಣಿ ಮಾರ್ಕೆಟ್‌ನಲ್ಲಿ ಪುಂಡಿಪಲ್ಯ, ರಾಜಗಿರಿ ತಾಜಾ ಸಿಗುತ್ತದೆ, ನಿಜ. ಆದರೆ ಬೀಜ ಬೇಕು ಅಂದರೆ ಅಂಗಡಿಯ ಪಾಕೀಟೇ ಗತಿ. ಇಲ್ಲಿ ಕಾಯಿ ಮಾರುವ ಕೈಯಲ್ಲೇ ಬೀಜವೂ ಇರುತ್ತದೆ.

ಒಬ್ಬ ಅಜ್ಜಿಯ ಮುಂದೆ ಮೊಗೆಕಾಯಿ (ಮಂಗಳೂರು ಸೌತೆ) ರಾಶಿ, ಪಕ್ಕದಲ್ಲಿ ಬೂದಿ ಸವರಿದ ಬೀಜದ ಪೊಟ್ಟಣಗಳು. "ಅಮ್ಮಾ, ಬೀಜ ಎಲ್ಲಿದು?" ಅಂತ ಕೇಳಿದೆ. "ನಮ್ಮ ಗದ್ದೆದೇ ತಂಗಿ, ಬಳ್ಳಿಯಲ್ಲೇ ಹಣ್ಣಾಗಲಿಕ್ಕೆ ಬಿಟ್ಟ ಕಾಯಿದು" ಅಂದರು. ಎಷ್ಟು ಬೀಜ, ಎಷ್ಟು ಆಳ, ಎಷ್ಟು ದಿನಕ್ಕೆ ನೀರು ಅಂತ ಕೇಳದೇನೇ ಹೇಳಿದರು. ನಾನು ಕಲಬುರಗಿ ಅಂದ ಕೂಡಲೇ ಅವರ ಮೊದಲ ಪ್ರಶ್ನೆ, "ಅಲ್ಲಿ ಮಣ್ಣು ಎಂಥದ್ದು?" ಗಿಡ ಬಲ್ಲವರು ಕೇಳುವ ಪ್ರಶ್ನೆ ಅಲ್ವಾ ಅದು?

ಈ ತಾಲೂಕಿಗೆ ಇದು ಹೊಸದೇನಲ್ಲ. ಪದ್ಮಶ್ರೀ ಪಡೆದ ತುಳಸಿ ಗೌಡರು ಇದೇ ಅಂಕೋಲಾ ತಾಲೂಕಿನ ಹೊನ್ನಳ್ಳಿಯವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಬೆಳೆಸಿದರು. ಯಾವ ತಾಯಿಮರದಿಂದ ಯಾವಾಗ ಬೀಜ ತೆಗೆಯಬೇಕು ಅನ್ನುವುದು ಅವರಿಗೆ ಬಾಯಿಪಾಠ. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಓದು ಬರಹ ಬಾರದವರಲ್ಲಿ ಅಷ್ಟು ತಿಳಿವಳಿಕೆ ಇತ್ತು ಅಂತ ಜನ ಅಚ್ಚರಿಪಡುತ್ತಾರೆ. ಈ ರಸ್ತೆ ಬದಿಯಲ್ಲಿ ಅರ್ಧ ತಾಸು ಕೂತು ಮಾತಾಡಿದರೆ ಆ ಅಚ್ಚರಿ ಹೋಗಿ ಗೌರವ ಉಳಿಯುತ್ತದೆ.

ಇನ್ನು ನಮ್ಮ ಕಡೆಗೆ ಏನು ಒಗ್ಗುತ್ತದೆ ಅನ್ನೋ ವಿಷಯ. ಮುಖ್ಯವಾದದ್ದು ಇದೇ, ಯಾಕಂದರೆ ಎರಡು ಊರಿನ ನೆಲ ಪೂರ್ತಿ ಬೇರೆ. ಅಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು, ಹುಳಿ ಗುಣದ್ದು. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ನಮ್ಮದು ಕಪ್ಪು ಎರೆ ಮಣ್ಣು, ಕ್ಷಾರ ಗುಣದ್ದು (ಪಿಎಚ್ 8ರ ಆಸುಪಾಸು), ಮಳೆ ಅದರ ಕಾಲು ಭಾಗ. ಬೋರಿನ ನೀರಲ್ಲೂ ಸುಣ್ಣ. ಶಹಾಬಾದ್, ಸೇಡಂ ಕಡೆ ನೆಲದಡಿ ಇರುವುದೇ ಸುಣ್ಣದಕಲ್ಲು. ಹುಳಿ ಮಣ್ಣಿನ ಗಿಡ ತಂದು ಇಲ್ಲಿ ನೆಟ್ಟರೆ ಬೇರಿಗೆ ಕಬ್ಬಿಣದ ಅಂಶ ಸಿಗುವುದಿಲ್ಲ. ಎಲೆಯ ನರ ಮಾತ್ರ ಹಸಿರು ಉಳಿದು ನಡುವೆಲ್ಲ ಹಳದಿ ಆಗುತ್ತದೆ.

ಹಾಗಾಗಿ ಮುರುಗಲ (ಕೋಕಂ) ಸಸಿ ಎಷ್ಟೇ ಚಂದ ಕಂಡರೂ ಬಿಡಿ. ಅದಕ್ಕೆ ಕರಾವಳಿಯ ತೇವದ ಗಾಳಿ ಬೇಕು. ಮೇಲಾಗಿ ಮುರುಗಲಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಸಸಿ ಯಾವುದು ಅಂತ ಹೂ ಬಿಡುವವರೆಗೆ ತಿಳಿಯುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಒಣಗಿಸಿದ ಮುರುಗಲ ಸಿಪ್ಪೆ ಕೊಳ್ಳಿ. ನಮ್ಮ ಬೇಸಿಗೆಗೆ ಅದರ ಪಾನಕಕ್ಕಿಂತ ತಂಪು ಇನ್ನೊಂದಿಲ್ಲ.

ಬಸಳೆಯನ್ನು ಮಾತ್ರ ಕಣ್ಣು ಮುಚ್ಚಿ ತನ್ನಿ. ಕೆಂಪು ದಂಟಿನದು, ಹಸಿರು ದಂಟಿನದು ಎರಡೂ ಇರುತ್ತವೆ. ಅಡುಗೆಗೆ ಅಂತ ಮಾರುವ ಕಟ್ಟಿನಲ್ಲೇ ಬಲಿತ ದಂಟು ಆರಿಸಿ, ಮೂರು ಗಿಣ್ಣು ಇರುವಂತೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಕಲಬುರಗಿವರೆಗೂ ಜೀವ ಹಿಡಿಯುತ್ತದೆ. ಗಿಣ್ಣಿನಿಂದಲೇ ಬೇರು ಬರುತ್ತದೆ. ನಮ್ಮ ಮನೆಯಲ್ಲಿ ಬಚ್ಚಲ ನೀರು ಹೋಗುವ ಕಡೆ, ಮಧ್ಯಾಹ್ನದ ನಂತರ ಗೋಡೆಯ ನೆರಳು ಬೀಳುವ ಜಾಗದಲ್ಲಿ ಚಪ್ಪರ ಹಾಕಿದ್ದೇನೆ. 42 ಡಿಗ್ರಿ ಬಿಸಿಲಲ್ಲೂ ನೀರು ತಪ್ಪದಿದ್ದರೆ ಅದು ಸೋಲುವುದಿಲ್ಲ. ತೊಗರಿ ಬೇಳೆ ಹಾಕಿ ಮಾಡಿದರೆ ರೊಟ್ಟಿಗೆ ಒಳ್ಳೆ ಜೋಡಿ.

ಮೊಗೆಕಾಯಿ ಬೀಜವೂ ತರುವಂಥದ್ದೇ. ಕಾಯಿಯನ್ನು ಬಾಳೆ ನಾರಿನಲ್ಲಿ ಕಟ್ಟಿ ಮನೆಯೊಳಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತರಕಾರಿ ತುಟ್ಟಿ ಇರುವ ದಿನಗಳಿಗೆ ಇದು ದೊಡ್ಡ ಆಸರೆ. ಒಂದು ಎಚ್ಚರಿಕೆ: ಮೊಗೆ, ಕರಬೂಜ ಎರಡೂ ಒಂದೇ ಜಾತಿಯವು. ಹತ್ತಿರ ಹತ್ತಿರ ಹಾಕಿದರೆ ದುಂಬಿಗಳು ಬೆರಕೆ ಮಾಡುತ್ತವೆ, ಮುಂದಿನ ವರ್ಷದ ಬೀಜ ನಂಬುವ ಹಾಗಿಲ್ಲ. ಕೆಂಪು ಹರಿವೆ, ಉದ್ದ ಅಲಸಂದೆ ಬೀಜ ಸಿಕ್ಕರೆ ಅವನ್ನೂ ತಗೊಳ್ಳಿ. ಎರಡೂ ಸೆಕೆ ತಡೆಯುತ್ತವೆ.

ಮೇನಲ್ಲಿ ಹೋದರೆ ಇಶಾಡ ಮಾವು ಸಿಗುತ್ತದೆ. ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆ ಅನ್ನುವ ಭೌಗೋಳಿಕ ಗುರುತು) ಬಂತು. ಸಿಪ್ಪೆ ತೆಳು, ತಿರುಳು ಜಾಸ್ತಿ, ರಸವಂತೂ ಮೊಣಕೈವರೆಗೆ ಇಳಿಯುತ್ತದೆ. ಆದರೆ ಬಾಳಿಕೆ ಕಮ್ಮಿ. ಮನೆಗೆ ಒಯ್ಯುವ ಆಸೆ ಬಿಟ್ಟು ಅಲ್ಲೇ ತಿನ್ನಿ. ಇಶಾಡ ಕಸಿ ಸಸಿ ಅಂತ ಹೇಳಿ ಒಬ್ಬರು ಗಾಡಿಯಲ್ಲಿ ಮಾರುತ್ತಿದ್ದರು. ಹತ್ತಿರದಿಂದ ನೋಡಿದೆ, ಕಾಂಡದಲ್ಲಿ ಕಸಿ ಕಟ್ಟಿದ ಗಂಟೇ ಇರಲಿಲ್ಲ. ಬರೀ ವಾಟೆಯಿಂದ ಎದ್ದ ಸಸಿಗೆ ಕಸಿಯ ಬೆಲೆ ಹೇಳುವುದು ತಪ್ಪು. ದೂರದಿಂದ ಬಂದವರು ಐದು ವರ್ಷ ನೀರು ಹಾಕಿದ ಮೇಲೆ ಮೋಸ ತಿಳಿದರೆ ಅವರ ಗತಿ ಏನು? ಸಂತೆಯಲ್ಲಿ ನನಗೆ ಬೇಸರ ತಂದದ್ದು ಅದೊಂದೇ. ಗಂಟು ನೋಡದೆ ಕಸಿ ಗಿಡ ಕೊಳ್ಳಬೇಡಿ.

ಉಳಿದ ಅನುಕೂಲ ಸಾಧಾರಣ. ಕಾರು ನಿಲ್ಲಿಸಲು ಜಾಗ ಕಷ್ಟ, ಸ್ವಲ್ಪ ದೂರ ಬಿಟ್ಟು ನಡೆದು ಬನ್ನಿ. ಚಿಲ್ಲರೆ ಇಟ್ಟುಕೊಳ್ಳಿ, ಅಜ್ಜಿಯರ ಹತ್ತಿರ ಫೋನಿನ ವ್ಯವಹಾರ ಬೇಡ. ಚೌಕಾಶಿಯೂ ಬೇಡ, ಅವರು ಹೇಳುವ ಬೆಲೆಯೇ ಸೋವಿ. ಕುಮಟಾದ ಸಿಹಿ ಉಳ್ಳಾಗಡ್ಡಿಯ ಗೊಂಚಲು ಬೇಕಿದ್ದರೆ ಇನ್ನಷ್ಟು ದಕ್ಷಿಣಕ್ಕೆ, ಹೆದ್ದಾರಿ 66ರ ಬದಿಯಲ್ಲೇ ತೂಗುಹಾಕಿರುತ್ತಾರೆ.

ಗಿಡಗಳನ್ನು ವಾಪಸ್ ಬರುವಾಗ ಕೊಳ್ಳಿ, ಹೋಗುವಾಗ ಅಲ್ಲ. ಡಿಕ್ಕಿಯಲ್ಲಿ ಇಡದೆ ಕಾಲ ಬುಡದಲ್ಲಿ ಇಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಒಮ್ಮೆ ನೀರು ಚಿಮುಕಿಸಿ, ವಿಜಯಪುರ ದಾಟುವಾಗ ಕಿಟಕಿಗೆ ಬಟ್ಟೆ ಕಟ್ಟಿ. ಮನೆಗೆ ಬಂದ ಮೇಲೆ ಬಸಳೆ ದಂಟನ್ನು ಕುಂಡದಲ್ಲಿ ಊರಿ ನೆರಳಲ್ಲೇ ಇಡಿ. ಜೂನ್‌ನಲ್ಲಿ ಮಳೆ ಹಿಡಿದು ನೆಲ ತಣ್ಣಗಾದ ಮೇಲೆ ಎರೆ ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಇಳಿಸಿ.